ಸಮಾಜದ ಮಿಸ್ಸು ಮೂರು ದ್ವೀಪ ಇಳಿದ ದಿನ

ಹೋದ ಭಾನುವಾರ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಆಟೋ ಹಿಡಿದು ನಮ್ಮ ಹಳೆಯ ಹೈಸ್ಕೂಲಿನ ಕಡೆ ಹೊರಟಿದ್ದೆ. ದ್ರಾಕ್ಷಿ ತೋಟದ ತಿರುವು ಬಂದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಮೈಲುತುತ್ತಕ್ಕೆ ಸುಣ್ಣ ಕಲಸಿ ಎಲೆಗಳಿಗೆ ಹೊಡೆಯುತ್ತಾರಲ್ಲ, ಅದರ ವಾಸನೆ. ನನಗೀಗ ಐವತ್ತಮೂರು. ಆ ವಾಸನೆ ಬಂದರೆ ಮಾತ್ರ ಹದಿನಾಲ್ಕು. ಒಂಬತ್ತನೇ ಕ್ಲಾಸಿನ ಕಿಟಕಿಯಿಂದ ಇದೇ ಗಾಳಿ ಒಳಗೆ ಬರುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಭೂಪಟ ತೂಗುಹಾಕಿ, ಕೈಯಲ್ಲಿ ಬೆತ್ತದ ಬದಲು ಒಂದು ಮರದ ಸ್ಕೇಲು ಹಿಡಿದು ಸಮಾಜದ ಮಿಸ್ಸು ನಿಂತಿರುತ್ತಿದ್ದರು...

ಆವತ್ತು ಶಾಲೆಗೆ ಯಾಕೆ ಹೊರಟಿದ್ದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಮಿಸ್ಸು ಹೇಳಿದ ಒಂದು ಸುಳ್ಳಿನ ವಿಷಯ ಹೇಳಿಬಿಡಬೇಕು. ಅದನ್ನು ಬಿಟ್ಟು ಅವರ ಬಗ್ಗೆ ಏನು ಬರೆದರೂ ಅದು ಸುಳ್ಳೇ ಆಗುತ್ತದೆ.

ಸಮಾಜ ವಿಜ್ಞಾನ ಕಲಿಸುತ್ತಿದ್ದರು, ಹಾಗಾಗಿ ಸಮಾಜದ ಮಿಸ್ಸು. ಆಗಿನ್ನೂ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಚಿಂತಾಮಣಿ ಕಡೆಯವರು, ಮನೆಮಾತು ತೆಲುಗು. ಪಾಠವೆಲ್ಲ ಪುಸ್ತಕದಂಥ ಕನ್ನಡ, ಸಿಟ್ಟು ಬಂದರೆ ಮಾತ್ರ ತೆಲುಗು. ಅವತ್ತು ಮೆಡಿಟರೇನಿಯನ್ ವಾಯುಗುಣದ ಪಾಠ ಮಾಡುತ್ತಿದ್ದರು. ಬೇಸಿಗೆಯಲ್ಲಿ ಒಣಹವೆ, ಚಳಿಗಾಲದಲ್ಲಿ ಮಳೆ, ಮುಖ್ಯ ಬೆಳೆಗಳು ಆಲಿವ್, ಅಂಜೂರ, ದ್ರಾಕ್ಷಿ. ನಾನು ಸುಮ್ಮನೆ ಕೂರುವ ಜಾತಿಯಲ್ಲ. ಎದ್ದು ನಿಂತೆ.

"ಮಿಸ್, ದ್ರಾಕ್ಷಿ ನಮ್ಮೂರಲ್ಲೂ ಬೆಳೀತಾರಲ್ಲ. ಹಂಗಾದ್ರೆ ನಮ್ಮೂರೂ ಮೆಡಿಟರೇನಿಯನ್ನಾ?"

ಕ್ಲಾಸು ನಕ್ಕಿತು. ಮಿಸ್ಸೂ ನಕ್ಕರು. ಅಲ್ಲಿಗೇ ಬಿಡಬಹುದಿತ್ತು. ನಾನು ಬಿಡಲಿಲ್ಲ. "ನೀವು ನೋಡಿದೀರಾ ಮಿಸ್, ಆ ಸಮುದ್ರಾನ?" ಎಂದುಬಿಟ್ಟೆ.

ಅರವತ್ತು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗರು ಹೊಸ ಮಿಸ್ಸನ್ನು ಅಳೆಯುತ್ತಿದ್ದ ಕಾಲ ಅದು. ಮಿಸ್ಸು ಭೂಪಟದ ಕಡೆ ತಿರುಗಿ, ಮತ್ತೆ ನಮ್ಮ ಕಡೆ ತಿರುಗಿ, "ನೋಡಿದೀನಿ. ಹಡಗಲ್ಲಿ ಹೋಗಿ ಒಂದೇ ದಿನ ಮೂರು ದ್ವೀಪ ಸುತ್ತಿದೀನಿ" ಎಂದರು. ಅಷ್ಟೇ ಸಾಕಾಯಿತು ನಮಗೆ. ಹಡಗು ಎಷ್ಟು ದೊಡ್ಡದು, ದ್ವೀಪದಲ್ಲಿ ಬಸ್ಸಿದೆಯಾ, ಊಟ ಯಾರು ಕೊಡ್ತಾರೆ... ಒಂದು ದ್ವೀಪದಲ್ಲಿ ಗಾಡಿಗಳೇ ಇಲ್ಲ, ಬರೀ ಕತ್ತೆ ಎಂದರು. ನೀರು ತುಂಬಾ ಉಪ್ಪಾ ಮಿಸ್ ಎಂದು ಮತ್ತೆ ನಾನೇ ಕೇಳಿದೆ. "ಅಷ್ಟೇನಿಲ್ಲ ಕಣಮ್ಮ, ನಮ್ಮ ಬೋರ್‌ವೆಲ್ ನೀರಿಗಿಂತ ಒಂಚೂರು ಜಾಸ್ತಿ" ಎಂದರು.

ಆ ವರ್ಷದ ಪರೀಕ್ಷೆಯಲ್ಲಿ ನಾನು ಅದನ್ನೇ ಬರೆದೆ, ಮೆಡಿಟರೇನಿಯನ್ ಸಮುದ್ರದ ನೀರು ನಮ್ಮ ಬೋರ್‌ವೆಲ್ ನೀರಿಗಿಂತ ಸ್ವಲ್ಪ ಮಾತ್ರ ಉಪ್ಪಾಗಿರುತ್ತದೆ ಎಂದು. ಮಿಸ್ಸು ಕೆಂಪು ಶಾಯಿಯಲ್ಲಿ ರೈಟ್ ಹಾಕಿ ಪೂರ್ತಿ ಅಂಕ ಕೊಟ್ಟಿದ್ದರು. ನಾನು ಆ ಪೇಪರನ್ನು ಮನೆಯಲ್ಲಿ, ಬೀದಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ತೋರಿಸಿದೆ. ನಮ್ಮ ಮಿಸ್ಸು ಹಡಗು ಹತ್ತಿದವರು ಎಂದು ಊರಿಗೆಲ್ಲ ಹಬ್ಬಿಸಿದವಳು ನಾನೇ. ಕೆಲವೇ ದಿನಗಳಲ್ಲಿ ಅವರು ಹಡಗಿನ ಮಿಸ್ಸು ಆಗಿಹೋದರು.

ಆಮೇಲೆ ನಾನು ಓದಿ, ರೇಷ್ಮೆ ಇಲಾಖೆಯಲ್ಲಿ ಕೆಲಸ ಸಿಕ್ಕಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಗಲಾಟೆಯ ನಡುವೆ ಬದುಕು ಸಾಗಿತು. ಮಿಸ್ಸು ಅದೇ ಶಾಲೆಯಲ್ಲಿ ಉಳಿದರು. ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಎಷ್ಟೋ ವರ್ಷ ನೋಡಿಕೊಂಡರು. ಹಬ್ಬಕ್ಕೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಹಡಗಿನ ಮಾತು ತೆಗೆದರೆ ಕಾಫಿ ತರ್ತೀನಿ ಎಂದು ಎದ್ದು ಹೋಗುತ್ತಿದ್ದರು. ನಾನು ಅದನ್ನು ವಿನಯ ಅಂದುಕೊಂಡಿದ್ದೆ. ನನ್ನ ತಲೆಗಿಷ್ಟು...

ಅವರು ನಿವೃತ್ತರಾದ ಮರುವರ್ಷ ನಮ್ಮ ಬ್ಯಾಚಿನವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡೆವು. ಈಗ ಎಲ್ಲ ಊರಲ್ಲೂ ಮಾಡುತ್ತಾರಲ್ಲ, ವಾಟ್ಸಾಪ್ ಗ್ರೂಪು, ಶಾಮಿಯಾನ, ಶಾಲು, ಹಣ್ಣಿನ ಬುಟ್ಟಿ. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ಮಿಸ್ಸಿನ ಫೋಟೋ ಪಕ್ಕ ಒಂದು ದೊಡ್ಡ ಬಿಳಿ ಹಡಗು. ನೆನಪಿನ ಕಾಣಿಕೆಯಾಗಿ ಗಾಜಿನ ಪೆಟ್ಟಿಗೆಯಲ್ಲೊಂದು ಹಡಗು. ನಿರೂಪಕ, ನಮ್ಮದೇ ಕ್ಲಾಸಿನವನು, "ಆ ಕಾಲಕ್ಕೇ ಮೆಡಿಟರೇನಿಯನ್ ಸುತ್ತಿ ಬಂದ ಧೀಮಂತ ಮಹಿಳೆ" ಎಂದು ಮೈಕಿನಲ್ಲಿ ಕೂಗಿದ. ಮಿಸ್ಸು ಮೈಕಿನ ಮುಂದೆ ನಿಂತರು. ಏನೋ ಹೇಳಲು ಬಾಯಿ ತೆರೆದರು. ಚಪ್ಪಾಳೆ ನಿಲ್ಲಲೇ ಇಲ್ಲ. ಕೈಮುಗಿದು ಬಂದು ಕೂತುಬಿಟ್ಟರು.

ಅವರನ್ನು ಮನೆಗೆ ಬಿಡಲು ನಾನೇ ಹೋಗಿದ್ದೆ. ಆ ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದವರು, ಮನೆ ಬಂದರೂ ಇಳಿಯಲಿಲ್ಲ.

"ನಾನು ಯಾವ ಸಮುದ್ರಾನೂ ನೋಡಿಲ್ಲ ಕಣೇ" ಎಂದರು. "ಮಂಗಳೂರಿಗೂ ಹೋಗಿಲ್ಲ. ಲೈಬ್ರರೀಲಿ ಒಂದು ಮ್ಯಾಗಜೀನ್ ಓದಿದ್ದೆ, ಅದನ್ನ ಹೇಳ್ಬಿಟ್ಟೆ."

ನನಗೆ ನಗು ಬಂತು. ಬಿಡಿ ಮಿಸ್, ಅದೇನು ಮಹಾ ಎಂದೆ. ಅವರು ನಗಲಿಲ್ಲ. "ಸುಳ್ಳು ಹೇಳಿದ್ದು ಹಾಳಾಗ್ಲಿ. ನೀನು ಪರೀಕ್ಷೇಲಿ ತಪ್ಪು ಬರೆದೆ, ನಾನು ಅದಕ್ಕೆ ರೈಟ್ ಹಾಕ್ದೆ. ಮೆಡಿಟರೇನಿಯನ್ ನೀರು ಬೇರೆ ಸಮುದ್ರಕ್ಕಿಂತ್ಲೂ ಉಪ್ಪು ಅಂತ ಆಮೇಲೆ ಓದ್ದೆ. ಮೂವತ್ತೈದು ವರ್ಷ ಆಯ್ತು, ಆ ರೈಟ್ ಮಾರ್ಕು ಕಣ್ಣಿಗೆ ಚುಚ್ತಾನೇ ಇದೆ" ಎಂದರು. ಕಣ್ಣು ತುಂಬಿತ್ತು. ಸೆರಗಿನಲ್ಲಿ ಒರೆಸಿಕೊಂಡು, "ಹೋಗಣ" ಎಂದರು. ಎಲ್ಲಿಗೆ ಮಿಸ್ ಎಂದೆ. "ಎಲ್ಲಿಗೆ ಅಂದ್ರೆ? ಅಲ್ಲಿಗೇ."

ಹಟ ಅಂದರೆ ಅದಪ್ಪ ಹಟ. ಡಾಕ್ಟರು ಮಂಡಿ ಸವೆದಿದೆ, ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಇವರು ದಿನಾ ಬೆಳಿಗ್ಗೆ ತಮ್ಮ ಮನೆ ತಾರಸಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿದರು. ಬಿಸಿ ಉಪ್ಪಿನ ಶಾಖ ಕೊಟ್ಟುಕೊಂಡು ಮರುದಿನ ಮತ್ತೆ ಹತ್ತಿದರು. ವೀಸಾ ಅರ್ಜಿಯಲ್ಲಿ ಪ್ರವಾಸದ ಉದ್ದೇಶ ಅನ್ನುವ ಜಾಗ ಬಂದಾಗ ಪೆನ್ನು ನಿಲ್ಲಿಸಿ, "ತಿದ್ದುಪಡಿ ಅಂತ ಬರೀಲಾ?" ಎಂದು ಕೇಳಿದರು. ದಮ್ಮಯ್ಯ ಅಂತೀನಿ ಮಿಸ್, ಪ್ರವಾಸ ಅಂತಲೇ ಬರೀರಿ ಎಂದು ಕೈ ಹಿಡಿದುಕೊಂಡೆ. ಹಾಗೂ ಹೀಗೂ ವೀಸಾ ಬಂತು. ಬೆಂಗಳೂರಿನಿಂದ ಗ್ರೀಸ್ ದೇಶಕ್ಕೆ ಹೊರಟ ಒಂದು ಗುಂಪಿನ ಜೊತೆ ನಾವಿಬ್ಬರೂ ಹೊರಟೆವು. ಒಂದು ದಿನ ಹಡಗು, ಮೂರು ದ್ವೀಪ. ಅವರು ಸುಳ್ಳಿನಲ್ಲಿ ಹೇಳಿದ್ದ ಲೆಕ್ಕವೇ.

ಬೆಳಿಗ್ಗೆ ಎಂಟಕ್ಕೆ ಅಥೆನ್ಸ್ ಪಕ್ಕದ ಬಂದರಿನಿಂದ ಹಡಗು ಬಿಟ್ಟಿತು. ಮಿಸ್ಸು ಹಸಿರು ಕಾಟನ್ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕಿವಿಗೆ ಮಫ್ಲರ್. ಕಂಬಿ ಹಿಡಿದು ನಿಂತರು. ನಾಲ್ಕು ಕಡೆಯೂ ನೀರು. ನಮ್ಮ ಕಡೆ ಕೆರೆ ತುಂಬಿದರೆ ಊರೆಲ್ಲ ನೋಡಲು ಹೋಗುವ ಜನ ನಾವು. ನಾನು ಫೋನು ತೆಗೆದು ಒಂದೇ ಸಮನೆ ಫೋಟೋ ಹೊಡೆದೆ. ಮಿಸ್ಸು ಮಾತ್ರ ಕೆಳಗೆ ಬಗ್ಗಿ, "ಕೈಗೆ ಸಿಗಲ್ವಲ್ಲೇ" ಎಂದು ಪೇಚಾಡಿದರು. ಒಳಗೆ ಹಾಡು, ಕುಣಿತ, ಊಟದ ಸಾಲು. ಯಾವುದೂ ಬೇಡ ಅವರಿಗೆ. ಆ ನೀರನ್ನು ಬಾಯಿಗೆ ಹಾಕಿಕೊಂಡು ನೋಡಬೇಕು, ಅಷ್ಟೇ.

ಮೊದಲ ದ್ವೀಪ ಪೊರೊಸ್. ಮುಕ್ಕಾಲು ಗಂಟೆ ಮಾತ್ರ ಎಂದು ಮೈಕಿನಲ್ಲಿ ಹೇಳಿದರು. ಕಲ್ಲುಕಟ್ಟೆ ನೀರಿಗಿಂತ ಆಳೆತ್ತರ ಮೇಲಿತ್ತು. ಮಿಸ್ಸು ಚೀಲದಿಂದ ನೈಲಾನ್ ಹಗ್ಗ ತೆಗೆದರು, ಹೋಟೆಲಿನಲ್ಲಿ ಬಟ್ಟೆ ಒಣಗಿಸಲೆಂದು ಮನೆಯಿಂದ ತಂದದ್ದು. ಖಾಲಿ ನೀರಿನ ಬಾಟಲಿಗೆ ಕಟ್ಟಿ, ಬಾವಿ ಸೇದುವವರ ಹಾಗೆ ಇಳಿಬಿಟ್ಟರು. ಬಾಟಲಿ ಮುಳುಗಬೇಕಲ್ಲ! ಹಗುರದ ಪ್ಲಾಸ್ಟಿಕ್ಕು, ಅಲೆಯ ಮೇಲೆ ಕುಣಿಯಿತು. ಎಡಕ್ಕೆ ಎಳೆದರು, ಬಲಕ್ಕೆ ಎಳೆದರು. ಐಸ್‌ಕ್ರೀಮ್ ತಿನ್ನುತ್ತಿದ್ದ ಬಿಳಿಯರು ನಿಂತು ನೋಡಿದರು. ಹಡಗು ಕೂಗಿತು. ಖಾಲಿ ಬಾಟಲಿಯನ್ನು ಎಳೆದುಕೊಂಡು ವಾಪಸ್ ಬಂದೆವು. "ಕಲ್ಲು ಕಟ್ಟಬೇಕಿತ್ತು, ಬುದ್ಧಿ ಇಲ್ಲ ನಂಗೆ" ಎಂದು ತಮ್ಮನ್ನೇ ಬೈದುಕೊಂಡರು.

ಎರಡನೆಯದು ಹೈಡ್ರಾ. ಅಲ್ಲಿ ನಿಜವಾಗಿಯೂ ಗಾಡಿಗಳಿಲ್ಲ, ಕತ್ತೆಗಳೇ. ಆ ಮ್ಯಾಗಜೀನಿನವರು ಸುಳ್ಳು ಬರೆದಿರಲಿಲ್ಲ. ಬಂಡೆ ಕಡಿದು ಮಾಡಿದ ಮೆಟ್ಟಿಲು ನೀರಿನವರೆಗೂ ಇತ್ತು. ಮಿಸ್ಸು ಕುಂಡೆ ಊರಿ ಒಂದೊಂದೇ ಮೆಟ್ಟಿಲು ಜಾರಿಸಿಕೊಂಡು ಇಳಿದರು. ಕೊನೆಯ ಎರಡು ಮೆಟ್ಟಿಲ ಮೇಲೆ ಪಾಚಿ. ಕಾಲಿಟ್ಟರೆ ಜರ್ರ್ ಎಂದಿತು. ನಾನು ರಟ್ಟೆ ಹಿಡಿದು ಎಳೆದುಕೊಂಡೆ.

"ಮಿಸ್, ನೀವು ಇಲ್ಲೇ ಕೂತಿರಿ, ನಾನು ಬೊಗಸೇಲಿ ತಂದ್ಕೊಡ್ತೀನಿ" ಎಂದೆ.

"ತಪ್ಪು ಮಾಡ್ದೋಳು ನಾನು. ನೀನು ತಂದ್ಕೊಟ್ರೆ ಅದು ಕಾಪಿ ಹೊಡ್ದಂಗೆ ಆಗುತ್ತೆ ಕಣೇ" ಎಂದರು. ಮಂಡಿ ಹಿಡಿದುಕೊಂಡು ಹಾಗೇ ಮೇಲಕ್ಕೆ ಹತ್ತಿದರು. ನೋವಿಗೆ ತುಟಿ ಕಚ್ಚಿಕೊಂಡಿದ್ದರು.

ಮೂರನೆಯದು ಎಜಿನಾ. ಗುಂಪಿನವರೆಲ್ಲ ಬಸ್ಸು ಹತ್ತಿ ಹಳೆಯ ದೇವಸ್ಥಾನ ನೋಡಲು ಹೋದರು. ನಾವು ಹೋಗಲಿಲ್ಲ. ಬಂದರಿನಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಮರಳಿನ ದಡ ಇತ್ತು. ಹತ್ತು ನಿಮಿಷದ ದಾರಿಗೆ ನಮಗೆ ಅರ್ಧ ಗಂಟೆ ಹಿಡಿಯಿತು. ಮಿಸ್ಸು ಶೂ ಬಿಚ್ಚಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನ್ನ ಕೈ ಬಿಡಿಸಿಕೊಂಡು, ಒಬ್ಬರೇ ನಡೆದರು. ಮೊಣಕಾಲವರೆಗೆ ನೀರು ಬಂದಾಗ ನಿಂತರು. ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡರು.

"ಥೂ! ಅಯ್ಯೋ ದೇವುಡಾ, ಎಂತ ಉಪ್ಪಗುಂದೇ!"

ಅವತ್ತು ತೆಲುಗು ಬಂದದ್ದು ಸಿಟ್ಟಿಗಲ್ಲ. ಉಗಿದರು, ಕೆಮ್ಮಿದರು, ನಕ್ಕರು. ಎಷ್ಟು ಉಪ್ಪು, ಎಷ್ಟು ಉಪ್ಪು ಎಂದು ಮಗುವಿನ ಹಾಗೆ ನೀರಿಗೆ ಕೈ ಬಡಿದರು. ನಾನು ಅಷ್ಟು ವರ್ಷದಲ್ಲಿ ಅವರನ್ನು ಅಷ್ಟು ಖುಷಿಯಾಗಿ ನೋಡಿರಲಿಲ್ಲ. ಮರಳಿನ ಮೇಲೆ ಕೂತು ನನ್ನ ಫೋನು ಕೇಳಿ, ಬ್ಯಾಚಿನ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದರು. ಮೊದಲಿಗೆ ನಾವು ಎಲ್ಲಿದ್ದೇವೆ ಅನ್ನುವುದು, ಆಮೇಲೆ ಅಂದು ಕ್ಲಾಸಿನಲ್ಲಿ ಹೇಳಿದ್ದು ಸುಳ್ಳು ಅನ್ನುವುದು, ಕೊನೆಗೆ ಉಪ್ಪಿನ ವಿಷಯ. ನಾಲ್ಕು ನಿಮಿಷ.

ಹಡಗು ಹತ್ತುವಷ್ಟರಲ್ಲಿ ಉತ್ತರಗಳು ಬರತೊಡಗಿದವು. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು. "ಎರಡನೇ ಸಲಾನಾ ಮಿಸ್? ಸೂಪರ್!" ಎಂದು ಒಬ್ಬ. "ನಮ್ಮ ಮಿಸ್ಸು ಮತ್ತೆ ಮೆಡಿಟರೇನಿಯನ್ನಿಗೆ" ಎಂದು ನಿರೂಪಕನಾಗಿದ್ದವನು. ಒಬ್ಬರೂ ಪೂರ್ತಿ ಕೇಳಿರಲಿಲ್ಲ. ಮಿಸ್ಸು ಒಂದೊಂದನ್ನೂ ಓದಿಸಿಕೊಂಡರು. ಮುಖ ಸಣ್ಣದಾಯಿತು. "ಕೊನೇ ಬೆಂಚು ಯಾವತ್ತು ಪೂರ್ತಿ ಪಾಠ ಕೇಳಿದೆ ಹೇಳು" ಎಂದರು. ನಾನು ಬರೆದು ಹಾಕ್ತೀನಿ ಎಂದರೆ ಬೇಡ ಎಂದರು. "ಮುಂದಿನ ಸಲ ಎಲ್ಲಾರೂ ಸೇರ್ತಾರಲ್ಲ, ಆವಾಗ ನಿಂತ್ಕೊಂಡು ಹೇಳ್ತೀನಿ. ಚಪ್ಪಾಳೆ ಹೊಡಿಯೋಕೆ ಬಿಡಲ್ಲ."

ಇದಾಗಿ ಎರಡು ವರ್ಷ. ಈ ಸಲ ಗುರುವಂದನೆ ಮಾಡೋಣ, ಮುಂದಿನ ತಿಂಗಳು ಮಾಡೋಣ ಎಂದು ಗ್ರೂಪಿನಲ್ಲಿ ಮಾತಾಗುತ್ತಲೇ ಇತ್ತು. ಮಿಸ್ಸು ಫೋನು ಮಾಡಿದಾಗಲೆಲ್ಲ ಯಾವಾಗಂತೆ ಎಂದು ಕೇಳುತ್ತಿದ್ದರು. ಹದಿನೈದು ದಿನದ ಹಿಂದೆ ಒಂದು ಬೆಳಿಗ್ಗೆ, ಹಾಲಿನವನು ಬಾಗಿಲು ಬಡಿದರೆ ತೆಗೆಯಲಿಲ್ಲವಂತೆ... ನಿದ್ದೆಯಲ್ಲೇ ಹೋಗಿದ್ದರು.

ಹೋದ ಭಾನುವಾರ ನಾನು ಹೊರಟಿದ್ದು ಶಾಲೆಯಲ್ಲಿಟ್ಟಿದ್ದ ಅವರ ನುಡಿನಮನಕ್ಕೆ. ಎಲ್ಲರೂ ಸೇರಿದ್ದರು. ಇಷ್ಟು ದಿನ ಪುರುಸೊತ್ತಿಲ್ಲದವರೆಲ್ಲ ಬಂದಿದ್ದರು. ಅದನ್ನು ನೋಡಿ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅದೇ ನಿರೂಪಕ ಮೈಕು ಹಿಡಿದು, "ಎರಡೆರಡು ಬಾರಿ ಮೆಡಿಟರೇನಿಯನ್ ಸುತ್ತಿ ಬಂದ ನಮ್ಮ ಮಿಸ್ಸು..." ಎಂದ.

ನಾನು ಎದ್ದೆ. ಪಕ್ಕದಲ್ಲಿದ್ದ ಗೆಳತಿ ಸೆರಗು ಹಿಡಿದು ಎಳೆದಳು. "ಸುಮ್ನೆ ಕೂತ್ಕೊಳೇ, ಸತ್ತೋರ ಬಗ್ಗೆ ಏನ್ ಹೇಳಕ್ ಹೊರಟಿದೀಯ?" ನಿಜ, ನಮ್ಮ ಕಡೆ ನುಡಿನಮನದಲ್ಲಿ ಯಾರೂ ಹಾಗೆಲ್ಲ ಮಾತಾಡುವುದಿಲ್ಲ. ಹೋದವರೆಲ್ಲ ದೇವರೇ. ಸೆರಗು ಬಿಡಿಸಿಕೊಂಡು ಹೋಗಿ ಮೈಕು ಇಸಕೊಂಡೆ.

"ಎರಡು ಸಲ ಅಲ್ಲ, ಒಂದೇ ಸಲ" ಎಂದೆ. "ಮೊದಲನೇದು ಸುಳ್ಳು. ಕೇಳಿದೋಳು ನಾನು, ಊರಿಗೆಲ್ಲ ಹಬ್ಬಿಸಿದೋಳೂ ನಾನೇ. ಆ ಸುಳ್ಳನ್ನ ನಿಜ ಅಂತ ಬರೆದು ಅಂಕ ತಗೊಂಡೋಳೂ ನಾನು. ಅದನ್ನ ಸರಿ ಮಾಡೋಕೆ ಅಂತ ಸವೆದ ಮಂಡಿ ಇಟ್ಕೊಂಡು ಮೂರು ದ್ವೀಪ ಇಳಿದ್ರು ಅವ್ರು. ನಾನು ಜೊತೇಲಿದ್ದೆ. ನಿಮ್ಮ ಮುಂದೆ ನಿಂತು ಹೇಳಬೇಕು ಅಂತ ಎರಡು ವರ್ಷ ಕಾದ್ರು. ನಾವು ಯಾರೂ ಸೇರಲಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರೂಪಕ ತಲೆ ತಗ್ಗಿಸಿದ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಕ್ಲಾಸಿನಲ್ಲೂ ಅವನು ಹಿಂದಿನ ಬೆಂಚೇ.

"ಹಂಗಾದ್ರೆ ಆ ನೀರು..." ಎಂದು ತಡವರಿಸಿದ.

"ಉಪ್ಪು" ಎಂದೆ. "ಬಾಯಿಗೆ ಇಡೋಕಾಗಲ್ಲ, ಅಷ್ಟು ಉಪ್ಪು."

ಅವನು ತಲೆಯಾಡಿಸಿ ಕೂತ. ಉತ್ತರ ಹೇಳಿಯಾದ ಮೇಲೆ ಹಳೆಯ ಅಭ್ಯಾಸ, ಸರಿಯಾಯ್ತಾ ಮಿಸ್ ಎಂದು ಪಕ್ಕಕ್ಕೆ ತಿರುಗಿಬಿಟ್ಟೆ. ಅಲ್ಲಿ ಕುರ್ಚಿಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಆಗ ಅಳು ಬಂತು ನೋಡಿ, ಅಷ್ಟು ಜನರ ಮುಂದೆ, ಮೈಕು ಕೈಯಲ್ಲಿದ್ದ ಹಾಗೆಯೇ.