ನೀಲಿಕಲ್ಲಿನ ಅರ್ಧ ಪಾಲು

ದಿಲ್ಲಿಯ ಓಖ್ಲಾದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹರ್ಷಿಣಿಯ ಕೆಲಸ ಬಣ್ಣ ನೋಡುವುದು. ಬಂದ ಬಟ್ಟೆಯನ್ನು ಲೈಟ್ ಬಾಕ್ಸಿನ ಬೆಳಕಿನಡಿ ಹಿಡಿದು, ಒಪ್ಪಿಗೆಯಾದ ಮಾದರಿಗೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಇಡೀ ಲಾಟನ್ನು ವಾಪಸ್ ಕಳಿಸುತ್ತಿದ್ದಳು. ಹದಿನಾರು ವರ್ಷದಲ್ಲಿ ಅವಳ ಕಣ್ಣು ತಪ್ಪಿದ್ದೇ ಇರಲಿಲ್ಲ.

ತಾಮ್ರದ ಖನಿಜಗಳ ಹುಚ್ಚು ಹತ್ತಿಸಿದ್ದೂ ಆ ಕಣ್ಣೇ. ಬಟ್ಟೆಗೆ ಬಣ್ಣ ಹಾಕುವ ಯಾವ ಘಟಕದವರಿಗೂ ತೆಗೆಯಲಾಗದ ಹಸಿರು, ನೀಲಿ ಆ ಕಲ್ಲುಗಳಲ್ಲಿದ್ದವು. ಮಯೂರ್ ವಿಹಾರದ ಫ್ಲ್ಯಾಟಿನಲ್ಲಿ ಅವಳೂ ಅಮ್ಮ ಪದ್ಮಾ ಇಬ್ಬರೇ. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ಅಪ್ಪ ತೀರಿಕೊಂಡ ಮೇಲೆ ಅವರ ಪುಸ್ತಕದ ಗಾಜಿನ ಕಪಾಟಿಗೆ ಒಂದೊಂದಾಗಿ ನಲವತ್ತೊಂದು ಕಲ್ಲುಗಳು ಬಂದು ಕೂತಿದ್ದವು. ಅವುಗಳಲ್ಲಿ ಹರ್ಷಿಣಿಯ ಜೀವವಿದ್ದದ್ದು ಅಂಗೈಯಗಲದ ಒಂದು ಅಜುರೈಟಿನಲ್ಲಿ. ಬೂದುಬಣ್ಣದ ಕಲ್ಲಿನ ಮೇಲೆ ಗಾಢ ನೀಲಿ ಹರಳುಗಳ ಗೊಂಚಲು. ತಾಮ್ರದ ಗಣಿಗಳಲ್ಲಿ ದುಡಿದು ಈಗ ಫರೀದಾಬಾದಿನಲ್ಲಿ ನೆಲೆಸಿರುವ ಶಂಕರಪ್ಪ ಅದನ್ನು ಅವಳಿಗೆ ಕೊಟ್ಟಿದ್ದರು.

ಕಾರ್ಖಾನೆಯ ಹಬ್ಬದ ಗಡಿಬಿಡಿ ಮುಗಿದು, ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬಹಳ ದಿನಗಳ ಮೇಲೆ ಕಪಾಟು ತೆರೆದವಳು ಅಜುರೈಟನ್ನು ಬೆಳಕಿಗೆ ಹಿಡಿದಳು. ನೀಲಿ ಮಂಕಾಗಿತ್ತು. ಹರಳಿನ ಅಂಚುಗಳಲ್ಲಿ ಹಸಿರು ಛಾಯೆ.

"ಅಮ್ಮಾ, ಬಣ್ಣ ಹೋಗ್ತಿದೆ, ನೋಡು!"

"ನಂಗೇನೂ ಕಾಣಲ್ಲಪ್ಪ," ಎಂದು ಪದ್ಮಾ ಅಡುಗೆಮನೆಗೆ ನಡೆದರು.

ಅಂದಿನಿಂದ ಹರ್ಷಿಣಿಗೆ ನೆಮ್ಮದಿಯಿಲ್ಲ. ಬಿಸಿಲೇ ಕಾರಣವೆಂದು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದಳು. ದಿಲ್ಲಿಯ ಹೊಗೆಯಿರಬೇಕೆಂದು ಕಪಾಟಿನ ಸಂದುಗಳಿಗೆ ಟೇಪು ಹಚ್ಚಿದಳು. ಕುಕ್ಕರಿನ ಹಬೆಯ ಮೇಲೆ ಅನುಮಾನ ಬಂದು ಕಲ್ಲನ್ನು ಮಲಗುವ ಕೋಣೆಗೆ ಒಯ್ದಳು, ಅಲ್ಲಿ ಗೋಡೆ ತೇವವೆಂದು ಮತ್ತೆ ಹಾಲಿಗೆ ತಂದಳು. ಊಟದ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದಳು. ಕಾರ್ಖಾನೆಯಲ್ಲಿ ಮೊದಲ ಬಾರಿಗೆ ತಪ್ಪು ಲಾಟೊಂದನ್ನು ಪಾಸು ಮಾಡಿದಾಗ, ಕಣ್ಣೇ ಕೆಟ್ಟಿತೇನೋ ಎಂದು ವೈದ್ಯರ ಹತ್ತಿರವೂ ಹೋಗಿಬಂದಳು. ಕಣ್ಣು ಸರಿಯಾಗಿಯೇ ಇತ್ತು.

"ಬಿಡೇ ಹರ್ಷಿ, ಕಲ್ಲಿಗೋಸ್ಕರ ಯಾರಾದ್ರೂ ಹೀಗೆ ಒದ್ದಾಡ್ತಾರಾ?" ಎನ್ನುತ್ತಿದ್ದ ಪದ್ಮಾ ಅವಳ ಮುಖ ನೋಡುತ್ತಿರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ಅವಳು ಕಲ್ಲನ್ನು ಹತ್ತಿಯಲ್ಲಿ ಸುತ್ತಿ, ಓಖ್ಲಾದಿಂದಲೇ ಫರೀದಾಬಾದಿನ ಮೆಟ್ರೋ ಹತ್ತಿದಳು. ಶಂಕರಪ್ಪ ಅದನ್ನು ನೋಡಿ ಒಳಗಿನಿಂದ ಅದೇ ಕಲ್ಲಿನ ಇನ್ನೊಂದು ಹೋಳನ್ನು ತಂದರು. ಒಡೆದಾಗ ಅರ್ಧವನ್ನು ತಾವೇ ಇಟ್ಟುಕೊಂಡಿದ್ದರು. ಎರಡನ್ನೂ ಜೋಡಿಸಿದಾಗ ಬಿರುಕು ಬಿರುಕಿಗೆ ಕೂತಿತು, ಬಣ್ಣ ಮಾತ್ರ ಕೂಡಲಿಲ್ಲ.

ಅವರು ಭೂತಗನ್ನಡಿ ಹಿಡಿದು ನೋಡಿದರು. "ಇದು ಗಾಳಿ ಬೆಳಕಿನ ಕೆಲಸ ಅಲ್ಲಮ್ಮಾ. ಹರಳಿನ ಮೊನೆ ಎಲ್ಲಾ ಕರಗಿದೆ. ಹುಳಿ ಬಿದ್ದಿದೆ ಇದಕ್ಕೆ. ನಿಂಬೆಹಣ್ಣೋ, ಹುಣಸೆಹಣ್ಣೋ. ಯಾರೋ ತಿಕ್ಕಿ ತೊಳೆದಿದ್ದಾರೆ."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಅಮ್ಮಾ, ಇದನ್ನ ತೊಳೆದ್ಯಾ?"

ಪದ್ಮಾ ಸೋಫಾದ ತುದಿಯಲ್ಲಿ ಕೂತರು. "ಆಯುಧಪೂಜೆ ದಿನ. ದೇವರ ಚೊಂಬು ತೊಳೀತಿದ್ದೆ. ನೀನೇ ತಾಮ್ರದ ಕಲ್ಲು ಅಂತಿದ್ಯಲ್ಲ, ಹುಣಸೆಹಣ್ಣು ಹಾಕಿದ್ರೆ ಫಳಫಳ ಅನ್ನುತ್ತೆ ಅಂದ್ಕೊಂಡೆ. ನಿನಗೆ ಅಷ್ಟು ಇಷ್ಟದ್ದು, ಪೂಜೆಗಿಡೋಣ ಅಂತ. ನೀರು ಹಸಿರಾಗಿ ಹೋಯ್ತು. ಹೆದರಿ ಒರೆಸಿ ಇಟ್ಬಿಟ್ಟೆ."

"ನಾಲ್ಕು ತಿಂಗಳು! ಕಿಟಕಿ ಮುಚ್ಚಿದಾಗಲಾದ್ರೂ ಹೇಳಬಾರದಿತ್ತಾ?"

"ದಿನಾ ಹೇಳೋಣ ಅಂತಿದ್ದೆ. ನಿನ್ನ ಒದ್ದಾಟ ನೋಡಿ ಬಾಯೇ ಬರಲಿಲ್ಲ."

ಹರ್ಷಿಣಿ ಎರಡು ದಿನ ಮಾತು ಬಿಟ್ಟಳು. ಸಿಟ್ಟಿಗಿಂತ ಹೆಚ್ಚಾಗಿ, ಹಗಲೆಲ್ಲ ಕಪ್ಪು ಬಟ್ಟೆಯ ಕತ್ತಲಲ್ಲಿ ಒಬ್ಬರೇ ಕೂತಿರುತ್ತಿದ್ದ ಅಮ್ಮನ ನೆನಪು ಅವಳನ್ನು ಕೊರೆಯಿತು. ಮೂರನೆಯ ದಿನ ಬಟ್ಟೆ ಕಿತ್ತುಹಾಕಿ, "ಶನಿವಾರ ನೀನೂ ಬಾ," ಎಂದಳು.

ಫರೀದಾಬಾದಿನಲ್ಲಿ ಶಂಕರಪ್ಪನವರ ಹೋಳನ್ನು ಪದ್ಮಾ ಸೆರಗಿನಲ್ಲಿ ಕೈ ಒರೆಸಿಕೊಂಡು ಎತ್ತಿಕೊಂಡರು. ಬಹಳ ಹೊತ್ತು ನೋಡಿದರು.

"ಅಯ್ಯೋ, ಇಷ್ಟು ನೀಲಿ ಇತ್ತೇನೇ! ನಾನು ಒಂದಿನಾನೂ ಸರಿಯಾಗಿ ನೋಡಿರಲೇ ಇಲ್ವಲ್ಲೇ." ಆಮೇಲೆ ಹಿಂದೆಮುಂದೆ ನೋಡದೆ ಶಂಕರಪ್ಪನವರನ್ನೇ ಕೇಳಿಬಿಟ್ಟರು. "ಇದನ್ನ ನಮ್ಮ ಹುಡುಗಿಗೆ ಕೊಟ್ಬಿಡಿ ಸ್ವಾಮಿ. ತಪ್ಪು ನಂದು."

ಹರ್ಷಿಣಿ ನಾಚಿ ತಲೆ ತಗ್ಗಿಸಿದಳು. ಶಂಕರಪ್ಪ ನಕ್ಕರು. "ಇಲ್ಲಮ್ಮ, ಇದು ನಾನಿರೋವರೆಗೂ ಇಲ್ಲೇ. ನೋಡಬೇಕು ಅನ್ನಿಸಿದಾಗ ಇಬ್ರೂ ಬನ್ನಿ."

ವಾಪಸ್ ಬರುವಾಗ ಮೆಟ್ರೋದಲ್ಲಿ ಪದ್ಮಾ ಗೊಣಗಿದರು. "ಕೊಡಬಹುದಿತ್ತಪ್ಪ, ಅವರ ಗಂಟೇನು ಹೋಗ್ತಿತ್ತು?"

ಹರ್ಷಿಣಿಗೆ ನಗು ತಡೆಯಲಾಗಲಿಲ್ಲ. ಆ ನೀಲಿ ಇನ್ನೂ ಕಣ್ಣಲ್ಲಿ ಕೂತು ಕಾಡುತ್ತಿತ್ತು. ಇಬ್ಬರೂ ಮತ್ತೆ ಹೋಗಿ ಅದನ್ನು ನೋಡುವ ಮುಂದಿನ ಶನಿವಾರಕ್ಕೆ ಇನ್ನೂ ಏಳು ದಿನವಿತ್ತು.