ಬಸ್ಸು ಹತ್ತಿದ ಕೋವಿ

ನಯಾಪೈಸೆ ಹೊಸದಾಗಿ ಬಂದು, ಜನ ಇನ್ನೂ ಆಣೆ ಲೆಕ್ಕದಲ್ಲೇ ಮಾತಾಡುತ್ತಿದ್ದ ಕಾಲ. ನಾನು ಸೊರಬದಿಂದ ಶಿಕಾರಿಪುರದ ಮೇಲೆ ಶಿವಮೊಗ್ಗಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರಾಗಿದ್ದೆ. ಕೋಳಿ, ಕುರಿಮರಿ, ಒಮ್ಮೆ ನಾಟಕದವರ ಸಿಂಹಾಸನ, ಎಲ್ಲಕ್ಕೂ ಹೇಗೋ ಜಾಗ ಹೊಂದಿಸಿದ್ದ ನನಗೆ ಒಂದು ಕೋವಿಯನ್ನು ಎಲ್ಲಿ ಇರಿಸಬೇಕೆಂದು ತಿಳಿಯದೆ ಹೋಯಿತು.

ಕೋವಿ ತಂದವರು ಉಳವಿ ಕಡೆಯ ಒಬ್ಬ ಗೌಡರು. ಭತ್ತದ ಗದ್ದೆಗೆ ಕಾಡುಹಂದಿ ನುಗ್ಗುತ್ತವೆಂದು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ ಹಳೆಯ ರೈಫಲ್ಲು. ಹಿಂದಿನ ದಿನ ಬೆಳಿಗ್ಗೆ ಹಂದಿಗೆ ಗುರಿಯಿಟ್ಟು ಟ್ರಿಗರ್ ಎಳೆದರೆ 'ಟಿಕ್' ಎಂದಿತಂತೆ, ಅಷ್ಟೆ. ಒಳಗಿದ್ದ ತೋಟಾ, ಅಂದರೆ ಮದ್ದುಗುಂಡು, ತಂಡಿ ಹಿಡಿದಿತ್ತು. ಸರಿ, ಅದನ್ನು ತೆಗೆದು ಬೇರೆ ಹಾಕೋಣವೆಂದು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದರೆ ಬರೀ ಬೋಲ್ಟು ಬಂತು, ತೋಟಾ ನಳಿಗೆಯ ಬುಡದಲ್ಲೇ ಕೂತಿತು. ಅದರ ಅಂಚು ಹಿಡಿದು ಹೊರಗೆಳೆಯಬೇಕಾದ ಬೋಲ್ಟಿನ ತುದಿಯ ಕೊಕ್ಕೆ ಮುರಿದುಹೋಗಿತ್ತು. ಹಂದಿ ಒಂದಿಷ್ಟು ಹೊತ್ತು ಇವರ ಒದ್ದಾಟ ನೋಡಿ, ಮತ್ತೆ ಭತ್ತಕ್ಕೆ ಬಾಯಿ ಹಾಕಿತಂತೆ. ಈಗ ಗೌಡರು ಶಿವಮೊಗ್ಗದ ರಿಪೇರಿಯವನ ಹತ್ತಿರ ಹೊರಟಿದ್ದರು.

ಇಷ್ಟನ್ನೂ ಅವರು ಹೇಳಿದ್ದು ಬಸ್ಸು ಹೊರಟ ಮೇಲೆ, ಎಲ್ಲರಿಗೂ ಕೇಳುವ ಹಾಗೆ.

"ಅಂದ್ರೆ ಒಳಗೆ ಗುಂಡು ಹಂಗೇ ಐತೇನ್ರೀ?" ಎಂದು ಯಾರೋ ಎದ್ದು ನಿಂತರು.

"ಇದೆ. ಆದ್ರೆ ಬೋಲ್ಟ್ ಬಿಚ್ಚಿಟ್ಟೀನಿ, ನೋಡಿ." ಗೌಡರು ಪಂಚೆಯಲ್ಲಿ ಸುತ್ತಿದ್ದ ಬೋಲ್ಟನ್ನು ಚೀಲದಿಂದ ತೆಗೆದು ತೋರಿಸಿದರು. "ಇದಿಲ್ದೆ ಹೋದ್ರೆ ಅದು ಬರೀ ಕೊಳವೆ ಮಾರಾಯ್ರಾ!"

ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ನಂಬಿದವನ ಹಾಗೆ ನಿಂತಿದ್ದೆ.

ಗೌಡರು ಕೋವಿಯ ಬಾಯಿಯನ್ನು ಮೇಲಕ್ಕೆ ಮಾಡಿದರು. ಟಾಪಿನ ಮೇಲೆ ಬಾಳೆಗೊನೆಗಳ ಜೊತೆ ಕ್ಲೀನರ್ ಕೂತಿದ್ದಾನೆಂದು ಹಿಂದಿನವರು ಕೂಗಿಕೊಂಡರು. ಕೆಳಕ್ಕೆ ಮಾಡಿದರು. ಕೆಳಗಿರುವುದು ಎಣ್ಣೆ ಟ್ಯಾಂಕೆಂದು ಡ್ರೈವರ್ ಗುಡುಗಿದ. ಕೊನೆಗೆ ಕಿಟಕಿಯಿಂದ ಹೊರಕ್ಕೆ ಚಾಚಿದರು. ಎದುರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಅದನ್ನು ಕಂಡವನೇ ಎರಡೂ ಕೈ ಮೇಲೆತ್ತಿ, ಸೈಕಲ್ ಸಮೇತ ಗದ್ದೆಗೆ ಇಳಿದುಬಿಟ್ಟ. ಪಾಪ, ಕೆಸರಿನಲ್ಲಿ ಬಿದ್ದ ಮೇಲೂ ಕೈ ಇಳಿಸಲಿಲ್ಲ.

ಡ್ರೈವರ್ ಬಸ್ಸು ನಿಲ್ಲಿಸಿ ಬಾಗಿಲು ತೆಗೆದ. "ಒಂದೋ ಆ ಕೋವಿ ಇಳೀಬೇಕು, ಇಲ್ಲಾ ನಾನು ಇಳೀತೀನಿ."

"ನಾನು ಟಿಕೆಟ್ ತಗಂಡೀನಿ," ಎಂದರು ಗೌಡರು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಸುಮ್ಮನೆ ಸೀಟಿ ಊದಿದೆ. ಊದಿದ್ದು ಏಕೆಂದು ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅರ್ಧ ಬಸ್ಸು ಇಳಿದಾಗಿತ್ತು.

ಮುಂದಿನ ಸೀಟಿನಲ್ಲಿ ತೊಗರ್ಸಿ ಕಡೆಯ ಅಜ್ಜಿಯೊಬ್ಬರಿದ್ದರು, ಮಗಳ ಮನೆಯಿಂದ ಹಿಂದಿರುಗುತ್ತಿದ್ದವರು. ಅವರಿಗೆ ಕಿವಿ ಸ್ವಲ್ಪ ಮಂದ.

"ಯಾಕಪ್ಪಾ ನಿಂತೈತಿ?" ಎಂದು ನನ್ನನ್ನು ಕೇಳಿದರು.

"ತೋಟಾ ಸಿಕ್ಕಾಕ್ಕೊಂಡಿದೆ, ಅಜ್ಜೀ!"

"ಯಾರ ತೋಟ? ಕೋರ್ಟಿನಾಗ ಸಿಕ್ಕೈತೇನು?"

"ಅಲ್ಲಜ್ಜೀ, ಕೋವಿ ಒಳಗೆ!"

"ಕೋವಿ ಒಳಗ ತೋಟ ಹೆಂಗ ಹಿಡಿಸ್ತೈತೋ?"

ಗೌಡರೇ ಬಂದು ನಳಿಗೆಯ ಹಿಂಬದಿ ತೋರಿಸಿದರು. ಒಳಗೆ ಹಿತ್ತಾಳೆಯ ಅಂಚು ಹೊಳೆಯುತ್ತಿತ್ತು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ಎಲೆಯಡಿಕೆ ಚೀಲದ ದಾರಕ್ಕೆ ಕಟ್ಟಿದ್ದ ಬೆಳ್ಳಿಯ ಕಿವಿ ಕಡ್ಡಿಯನ್ನು ಬಿಚ್ಚಿಕೊಂಡರು.

"ನಮ್ಮ ಯಜಮಾನರ ಕಿವಿಯಾಗ ಇದಕ್ಕಿಂತ ಗಟ್ಟಿ ಗುಗ್ಗೆ ತೆಗದೀನಿ. ನಡಿ ಕೆಳಗ."

ರಸ್ತೆ ಬದಿಯಲ್ಲಿ ಗೌಡರು ಕೋವಿಯನ್ನು ಒಂದು ಹುತ್ತದ ಕಡೆಗೆ ತಿರುಗಿಸಿ ಹಿಡಿದರು. ಉಳಿದವರೆಲ್ಲ ಬಸ್ಸಿನ ಹಿಂದೆ ಕೂತೆವು. ನಾನು ಎಲ್ಲರಿಗಿಂತ ಹಿಂದೆ. ಅಜ್ಜಿ ಕಡ್ಡಿಯ ಬಾಗಿದ ತುದಿಯನ್ನು ಅಂಚಿಗೆ ಸಿಕ್ಕಿಸಿ ಮೆಲ್ಲಗೆ ಮೀಟಿದರು. ಜಾರಿತು. ಮತ್ತೆ ಮೀಟಿದರು. ಮೂರನೆಯ ಸಲ ತೋಟಾ ನಾಚಿಕೊಂಡ ಹಾಗೆ ಇಷ್ಟಿಷ್ಟೇ ಹೊರಬಂದು ಪುಸಕ್ಕನೆ ನೆಲಕ್ಕೆ ಬಿತ್ತು. ಬಸ್ಸಿನ ಹಿಂದಿದ್ದವರು ಇನ್ನೂ ಹತ್ತು ಮಾರು ಹಿಂದಕ್ಕೆ ಓಡಿದರು.

"ತಗೋ ನಿನ್ನ ತೋಟ," ಎಂದು ಅಜ್ಜಿ ಅದನ್ನೆತ್ತಿ ಗೌಡರ ಕೈಗಿಟ್ಟು, ಕಡ್ಡಿಯನ್ನು ಸೆರಗಿಗೆ ಒರೆಸಿಕೊಂಡರು.

ಆಮೇಲೆ ಭಯ ಕೋವಿಯಿಂದ ತೋಟಾಕ್ಕೆ ವರ್ಗವಾಯಿತು. ಗೌಡರು ಅದನ್ನು ಜೇಬಿಗೆ ಹಾಕಿಕೊಂಡಿದ್ದರಿಂದ ಅವರ ಪಕ್ಕ ಯಾರೂ ಕೂರಲಿಲ್ಲ. ಮೂವರ ಸೀಟಿನಲ್ಲಿ ಕಾಲು ಚಾಚಿ, ಶಿವಮೊಗ್ಗದವರೆಗೂ ಒಳ್ಳೆಯ ನಿದ್ದೆ ತೆಗೆದರು.

ನಡುವೆ ಶಿಕಾರಿಪುರ ಸ್ಟ್ಯಾಂಡು ಮುಟ್ಟಿದಾಗ ಒಂದೂವರೆ ತಾಸು ತಡ. ಬಸ್ ಕಂಪನಿಯ ಏಜೆಂಟರು ಗಡಿಯಾರ ಹಿಡಿದು ಕಾಯುತ್ತಿದ್ದರು. ನಡೆದದ್ದನ್ನು ಹೇಳಿದರೆ ಕುಡಿದಿದ್ದೀಯೆನ್ನುತ್ತಾರೆಂದು ಟೈರ್ ಪಂಕ್ಚರ್ ಎಂದುಬಿಟ್ಟೆ.

"ಯಾವ ಟೈರು?"

"ಮುಂದಿಂದು," ಎಂದೆ ನಾನು.

"ಹಿಂದಿಂದು," ಎಂದ ಡ್ರೈವರ್, ಅದೇ ಗಳಿಗೆಗೆ.