ಅಲ್ಲಾಡಬೇಡಿ ಅಕ್ಕನ ಹತ್ತು ಬೆರಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮೂರನೆಯ ಮಹಡಿಯ ಅಡುಗೆಮನೆಯಲ್ಲಿ, ಮೇಜಿಗೂ ಕಪಾಟಿಗೂ ನಡುವೆ, ಎಪ್ಪತ್ತೆಂಟು ವರ್ಷದ ಅಜ್ಜ ಮಗ್ಗುಲಾಗಿ ಬಿದ್ದಿದ್ದಾರೆ. ಪಕ್ಕದಲ್ಲಿ ಮಗುಚಿದ ಸ್ಟೂಲು, ನೆಲದ ತುಂಬಾ ಸಕ್ಕರೆ. ಮಗಳು ಅಪ್ಪನ ಕಂಕುಳಿಗೆ ಕೈ ಹಾಕಿ ಎಬ್ಬಿಸುವ ಸನ್ನಾಹದಲ್ಲಿದ್ದಾಳೆ. ಬಾಗಿಲಿನಿಂದಲೇ ಒಂದು ದನಿ ಬರುತ್ತದೆ: "ಕೈ ತೆಗೀರಿ. ಅಜ್ಜ, ಅಲ್ಲಾಡಬೇಡಿ."

ದನಿಯಲ್ಲಿ ನಯನಾಜೂಕು ಏನೂ ಇಲ್ಲ. ಮಗಳ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಆಂಬುಲೆನ್ಸಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿರುವ ಈ ನಲವತ್ತಾರರ ಹೆಂಗಸನ್ನು ಜೊತೆಯವರೆಲ್ಲ ಕರೆಯುವುದೇ "ಅಲ್ಲಾಡಬೇಡಿ ಅಕ್ಕ" ಎಂದು. ಗಾಯಗೊಂಡವರಿಗೆ ಆಕೆ ಮೊದಲು ಹೇಳುವುದು ನಮಸ್ಕಾರವಲ್ಲ, ಇದೇ ಮಾತು.

ಅಜ್ಜನ ಬೆನ್ನ ಕಡೆಯಿಂದ ಹೋದರೆ ಎರಡೇ ಹೆಜ್ಜೆ. ಆದರೆ ಅಕ್ಕ ಮೇಜನ್ನು ಬಳಸಿಕೊಂಡು, ಸಕ್ಕರೆ ತುಳಿದುಕೊಂಡು, ಅಜ್ಜನ ಕಣ್ಣೆದುರಿಗೇ ಹೋಗಿ ಮಂಡಿಯೂರುತ್ತಾಳೆ. ಹಿಂದಿನಿಂದ ಮಾತಾಡಿಸಿದರೆ ಮನುಷ್ಯ ತಿರುಗಿ ನೋಡುತ್ತಾನೆ. ಕತ್ತಿನ ಮೂಳೆ ಬಿರುಕು ಬಿಟ್ಟಿದ್ದರೆ ಆ ಒಂದು ತಿರುಗುವಿಕೆಯೇ ಸಾಕು, ಜೀವನಪೂರ್ತಿ ಹಾಸಿಗೆ ಹಿಡಿಯಬೇಕಾಗುತ್ತದೆ. ನಿಮಿಷಕ್ಕೊಂದು ಜೋಕು ಹೊಡೆದು "ಗಂಭೀರ" ಎಂಬ ಹೆಸರು ಸಂಪಾದಿಸಿರುವ ಚಾಲಕ ಅಷ್ಟರಲ್ಲಿ ಅಜ್ಜನ ತಲೆಯ ಬಳಿ ಕೂತು, ಎರಡೂ ಅಂಗೈಯಲ್ಲಿ ತಲೆಯನ್ನು ಇದ್ದ ಹಾಗೇ ಹಿಡಿದಿದ್ದಾನೆ. ಈ ಹೊತ್ತಿನಲ್ಲಿ ಅವನ ಬಾಯಿಂದಲೂ ಜೋಕು ಬರುವುದಿಲ್ಲ.

"ಸಕ್ಕರೆ ಡಬ್ಬಿ ಒಡೀತಾ?" ಅಜ್ಜ ಕೇಳುತ್ತಾರೆ.

"ಡಬ್ಬಿ ಚೆನ್ನಾಗಿದೆ. ನಿಮ್ಮ ವಿಷಯ ಹೇಳಿ."

ಅಕ್ಕನ ಪ್ರಶ್ನೆಗಳು ಕೇಳುವವರಿಗೆ ತಲೆಹರಟೆಯಂತೆ ಕಾಣುತ್ತವೆ. ಇವತ್ತು ಯಾವ ವಾರ? ಈ ಮನೆ ಯಾರದು? ಸ್ಟೂಲು ಯಾಕೆ ಹತ್ತಿದಿರಿ? ಸರಿಯಾಗಿ ಉತ್ತರ ಬಂದರೆ ತಲೆ ನೆಟ್ಟಗಿದೆ, ಅಮಲಿಲ್ಲ, ಇವರ ಮಾತನ್ನು ನಂಬಬಹುದು ಎಂದು ಲೆಕ್ಕ. ಕುಡಿದವನು ಕತ್ತು ನೋಯುತ್ತಿಲ್ಲ ಎಂದರೆ ಆ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಆಮೇಲೆ ಬೆರಳುಗಳ ಸರದಿ. ತಲೆಬುರುಡೆಯ ಬುಡದಿಂದ ಶುರುಮಾಡಿ, ಕತ್ತಿನ ಹಿಂದಿನ ಮೂಳೆಗಳನ್ನು ಒಂದೊಂದಾಗಿ ಒತ್ತುತ್ತಾ ಇಳಿಯುತ್ತಾಳೆ. ಒತ್ತುವಾಗ ನೋಡುವುದು ಕತ್ತನ್ನಲ್ಲ, ಮುಖವನ್ನು. ಮೇಲಿನ ಎರಡು ಮೂಳೆ ದಾಟುತ್ತಲೇ ಅಜ್ಜನ ರೆಪ್ಪೆ ಅದುರುತ್ತದೆ.

"ನೋವಾ?"

"ಸ್ವಲ್ಪ. ವಯಸ್ಸಾಯ್ತಲ್ಲಮ್ಮ."

"ವಯಸ್ಸು ಎಲ್ಲಾ ಮೂಳೆಗೂ ಆಗಿದೆ ಅಜ್ಜ. ನೋವು ಇದೊಂದಕ್ಕೇ ಯಾಕೆ?"

ಕಾಲ್ಬೆರಳು ಆಡುತ್ತವೆ. ಕೈ ಹಿಡಿತ ಪರವಾಗಿಲ್ಲ. ಆದರೆ ಬಲಗೈಯ ಬೆರಳುಗಳು ಜುಮ್ಮೆನ್ನುತ್ತಿವೆಯಂತೆ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಕೈ ಅದು. "ಈ ಕೈ ಉಳಿಯುತ್ತಾ?" ಎಂದು ಅಜ್ಜ ಮೆಲ್ಲಗೆ ಕೇಳುತ್ತಾರೆ. ಅಕ್ಕ ಆ ಕೈಯ ಬೆರಳುಗಳನ್ನು ಇನ್ನೊಮ್ಮೆ ಒತ್ತಿ ನೋಡುತ್ತಾಳೆ. ಗೊತ್ತಿಲ್ಲದ್ದಕ್ಕೆ ಭರವಸೆ ಕೊಡುವ ಚಾಳಿ ಆಕೆಗಿಲ್ಲ.

ಈ ಕೆಲಸ ಹೀಗೆ ನಡೆಯುತ್ತದೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಯಾರಾದರೂ ಬಿದ್ದದ್ದು ಕಂಡರೆ ಸಾಕು, ನಮ್ಮ ಕೈ ಸುಮ್ಮನಿರುವುದಿಲ್ಲ. ಒಬ್ಬ ರಟ್ಟೆ ಹಿಡಿದು ಎಳೆಯುತ್ತಾನೆ, ಇನ್ನೊಬ್ಬ ಬಾಯಿಗೆ ನೀರು ಸುರಿಯುತ್ತಾನೆ, ಮೂರನೆಯವನು ಫೋಟೊ ತೆಗೆಯುತ್ತಾನೆ. ಸಿಮೆಂಟ್ ಮೂಟೆ ಇಳಿಸುವವರು ಇದಕ್ಕಿಂತ ನಿಗಾ ಇಡುತ್ತಾರೆ. ಆಂಬುಲೆನ್ಸ್ ಬಂದ ಮೇಲೂ "ಬೇಗ ಎತ್ತಿ, ಏನು ನೋಡ್ತಾ ಕೂತಿದೀರಿ" ಎಂದು ಗದರುವವರೇ ಹೆಚ್ಚು. ನೋಡುವುದೇ ಅವರ ಕೆಲಸ ಎಂದು ಯಾರಿಗೂ ಹೊಳೆಯುವುದಿಲ್ಲ.

ಅಕ್ಕ ಆಸ್ಪತ್ರೆಗೆ ಸೇರಿದ್ದು ಸ್ಟ್ರೆಚರ್ ತಳ್ಳುವ ಕೆಲಸಕ್ಕೆ. ಮೂರು ವರ್ಷ ತಳ್ಳಿ, ತರಬೇತಿ ಪಾಸು ಮಾಡಿ ಗಾಡಿ ಹತ್ತಿದಳು. ಹನ್ನೆರಡು ಗಂಟೆಯ ಪಾಳಿ, ದಿನಕ್ಕೆ ಎಂಟೋ ಒಂಬತ್ತೋ ಕರೆ. ಅದರಲ್ಲಿ ಬಿದ್ದವರು, ಡಿಕ್ಕಿ ಹೊಡೆಸಿಕೊಂಡವರು ಮೂರು ನಾಲ್ಕು. ಮೊದಲೆಲ್ಲ ಬಿದ್ದವರಿಗೆಲ್ಲ ಕತ್ತಿನ ಪಟ್ಟಿ ಬಿಗಿದು, ಗಟ್ಟಿ ಹಲಗೆಗೆ ಕಟ್ಟಿ ತರುವುದೇ ನಿಯಮವಾಗಿತ್ತು. ಏಳು ವರ್ಷದ ಹಿಂದೆ ಅದು ಬದಲಾಯಿತು. ಬೇಡದವರಿಗೆ ಪಟ್ಟಿ ಬಿಗಿದರೆ ಉಸಿರಿಗೆ ಕಷ್ಟ, ಚರ್ಮಕ್ಕೆ ಹುಣ್ಣು, ಇಲ್ಲದ ನೋವೂ ಹುಟ್ಟುತ್ತದೆ. ಈಗ ಸ್ಥಳದಲ್ಲೇ ಪರೀಕ್ಷಿಸಿ ತೀರ್ಮಾನಿಸಬೇಕು. ಹತ್ತು ಜನರಲ್ಲಿ ಆರೇಳು ಮಂದಿಗೆ ಅಕ್ಕ ಪಟ್ಟಿ ಹಾಕುವುದೇ ಇಲ್ಲ.

"ಎಲ್ಲರಿಗೂ ಕಟ್ಟೋ ಕಾಲದಲ್ಲಿ ನಿದ್ದೆ ಚೆನ್ನಾಗಿ ಬರ್ತಿತ್ತು. ಈಗ ತಲೆ ಖರ್ಚು ಮಾಡಬೇಕು" ಎಂದು ನಗುತ್ತಾಳೆ.

ಒಬ್ಬನ ವಿಷಯ ಬಂದಾಗ ಮಾತ್ರ ಆ ನಗು ನಿಲ್ಲುತ್ತದೆ. ನಿಯಮ ಬದಲಾದ ಮೊದಲ ವರ್ಷ ಒಬ್ಬ ಸಾಮಾನು ಗಾಡಿಯ ಚಾಲಕ ಡಿಕ್ಕಿಯ ರಭಸಕ್ಕೆ ರಸ್ತೆಗೆ ಹಾರಿ ಬಿದ್ದಿದ್ದ. ಮೊಣಕಾಲ ಕೆಳಗೆ ಮೂಳೆ ಮುರಿದು ಹೊರಗೆ ಬಂದಿತ್ತು. ಕತ್ತು ಮುಟ್ಟಿ ಕೇಳಿದರೆ ಏನೂ ನೋವಿಲ್ಲ ಎಂದ. ಅಕ್ಕ ನಂಬಿದಳು, ಪಟ್ಟಿ ಹಾಕದೆಯೇ ಕರೆತಂದಳು. ಆಸ್ಪತ್ರೆಯಲ್ಲಿ ನೋಡಿದರೆ ಕತ್ತಿನ ಮೂಳೆಯೂ ಬಿರುಕು ಬಿಟ್ಟಿತ್ತು. ಕಾಲಿನ ನೋವು ಅಷ್ಟು ಜೋರಾಗಿ ಕಿರುಚುತ್ತಿದ್ದಾಗ ಕತ್ತಿನ ನೋವು ಅವನ ಕಿವಿಗೇ ಬಿದ್ದಿರಲಿಲ್ಲ. ಅವನು ಎದ್ದು ಓಡಾಡುವಂತಾದ, ಆದರೆ ಎಡಗೈಯ ಎರಡು ಬೆರಳಿಗೆ ಇವತ್ತಿಗೂ ಬಿಸಿ ತಣ್ಣಗಿನ ಅರಿವಿಲ್ಲ. ಮಾರುಕಟ್ಟೆಯಲ್ಲಿ ಎದುರಾದಾಗ ಆ ಎರಡು ಬೆರಳನ್ನೇ ಎತ್ತಿ ತೋರಿಸಿ, ಚಳಿಗಾಲದಲ್ಲಿ ಇವಕ್ಕೆ ಕೈಗವಸಿನ ಖರ್ಚಿಲ್ಲ ಅಕ್ಕ ಎಂದು ನಗಿಸಲು ನೋಡುತ್ತಾನೆ. ಅಕ್ಕ ನಗುವುದಿಲ್ಲ. "ಅವನು ಸುಳ್ಳು ಹೇಳಲಿಲ್ಲ. ನಾನು ತಪ್ಪು ಸಮಯದಲ್ಲಿ ನಿಜ ಕೇಳಿದೆ" ಎನ್ನುತ್ತಾಳೆ. ಅಂದಿನಿಂದ, ದೇಹದಲ್ಲಿ ಬೇರೆಲ್ಲಾದರೂ ದೊಡ್ಡ ನೋವಿದ್ದರೆ ಕತ್ತಿನ ಬಗ್ಗೆ ರೋಗಿ ಕೊಡುವ ಸರ್ಟಿಫಿಕೇಟನ್ನು ಆಕೆ ಒಪ್ಪುವುದಿಲ್ಲ.

ಮನೆಯಲ್ಲಿ ಈ ಅಭ್ಯಾಸಕ್ಕೆ ಗೇಲಿಯೋ ಗೇಲಿ. ಗಂಡ ಅಚ್ಚುಕೂಟದಲ್ಲಿ ಯಂತ್ರ ನಡೆಸುತ್ತಾನೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಅತ್ತೆಗೆ ಮಾತ್ರ ಪುರಸೊತ್ತು. ಕಾಲೊರಸಿಗೆ ಎಡವಿದರೂ ಈ ಸೊಸೆ ಯಾವ ವಾರ ಅಂತ ಕೇಳುತ್ತಾಳೆ, ವಾರ ತಪ್ಪಿ ಹೇಳಿದರೆ ಆಸ್ಪತ್ರೆಗೆ ಸಾಗಿಸುತ್ತಾಳೆ ಎಂದು ಅವರು ಬಂದವರಿಗೆಲ್ಲ ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಜಾಸ್ತಿ. ಅಕ್ಕನ ಮಂಡಿ ಸವೆದಿದೆ, ಸೊಂಟ ಹಿಡಿಯುತ್ತದೆ. ಆದರೂ ಪಾಳಿ ಮುಗಿಸಿ ಬಂದು ಬಿಸಿನೀರು ಮೈಮೇಲೆ ಬಿದ್ದರೆ ಹಾಡು ಗುನುಗುತ್ತಾಳೆ.

ಮತ್ತೆ ಆ ಅಡುಗೆಮನೆಗೆ ಬರೋಣ. ಮೂಳೆಯ ಮೇಲೇ ನೋವು, ಕೈಯಲ್ಲಿ ಜುಮ್ಮು, ಮೇಲೆ ಎಪ್ಪತ್ತೆಂಟರ ವಯಸ್ಸು. ಈ ಕತ್ತನ್ನು ಅಲುಗದಂತೆ ಹಿಡಿಯಲೇಬೇಕು. ತೊಡಕಿರುವುದು ಬೇರೆ ಕಡೆ. ಅಜ್ಜನ ಗದ್ದ ಎದೆಗೆ ಅಂಟಿಕೊಂಡಂತಿದೆ. ಬೆನ್ನು ಬಿಲ್ಲಿನಂತೆ ಬಾಗಿದೆ. ಇದು ಈಗ ಬಿದ್ದು ಆದ ಬಾಗೋ, ಹಳೆಯದೋ? ಕತ್ತಿನ ಪಟ್ಟಿ ತಯಾರಾಗುವುದು ನೆಟ್ಟಗಿನ ಕತ್ತಿಗೆ. ಹಳೆಯ ಬಾಗನ್ನು ಬಲವಂತವಾಗಿ ನೆಟ್ಟಗೆ ಮಾಡಿ ಪಟ್ಟಿ ಬಿಗಿದರೆ, ಬಿರುಕು ಬಿಟ್ಟ ಮೂಳೆ ಅಲ್ಲೇ ಕಳಚಬಹುದು.

ಅಕ್ಕ ಮಗಳ ಕಡೆ ನೋಡಿ, ಅಪ್ಪನ ಒಂದು ಫೋಟೊ ತೋರಿಸಿ ಎನ್ನುತ್ತಾಳೆ.

ಮಗಳಿಗೆ ರೇಗಿಹೋಗುತ್ತದೆ. ಅಪ್ಪ ನೆಲದ ಮೇಲೆ ನರಳುತ್ತಿರುವಾಗ ಇವಳಿಗೆ ಆಲ್ಬಮ್ ನೋಡುವ ಹುಚ್ಚೇ? ಟೀವಿಯಲ್ಲೆಲ್ಲ ಬಂದ ತಕ್ಷಣ ಕತ್ತಿಗೆ ಬೆಲ್ಟು ಹಾಕುತ್ತಾರೆ, ನೀವು ಯಾಕೆ ಹಾಕುತ್ತಿಲ್ಲ, ನಿಮ್ಮ ಮೇಲಿನವರಿಗೆ ದೂರು ಕೊಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳುತ್ತಾಳೆ.

"ಕೊಡಿ. ಫೋಟೊ ತೋರಿಸಿದ ಮೇಲೆ ಕೊಡಿ."

ಮಗಳು ಸಿಡಿಮಿಡಿಗುಟ್ಟುತ್ತಲೇ ಮೊಬೈಲ್ ಚಾಚುತ್ತಾಳೆ. ಹೋದ ವರ್ಷದ ಚಿತ್ರ. ಮೊಮ್ಮಗಳ ಪಕ್ಕ ಅಜ್ಜ ನಿಂತಿದ್ದಾರೆ. ಅದೇ ಬಾಗು, ಅದೇ ಎದೆಗಂಟಿದ ಗದ್ದ. ದಶಕಗಳ ಕಾಲ ಗಡಿಯಾರದ ಹೊಟ್ಟೆಯೊಳಗೆ ಇಣುಕಿ ನೋಡಿದ ಬೆನ್ನು, ಆ ಭಂಗಿಯಲ್ಲೇ ಗಟ್ಟಿಯಾಗಿಬಿಟ್ಟಿದೆ.

ಅಕ್ಕ ಚೀಲದೊಳಗಿನ ಪಟ್ಟಿಯನ್ನು ಒಳಗೇ ಬಿಟ್ಟು, ಮನೆಯಲ್ಲಿರುವ ಟವೆಲ್ಲು, ದಿಂಬು, ಕಂಬಳಿ ಎಲ್ಲ ತರಿಸುತ್ತಾಳೆ. ತಲೆಯ ಕೆಳಗೆ ಎರಡು ದಿಂಬು, ಕತ್ತಿನ ಸಂದಿಗೆ ಸುರುಳಿ ಸುತ್ತಿದ ಟವೆಲ್ಲು, ಆಚೀಚೆ ಕಂಬಳಿ. ಅಜ್ಜ ಹೇಗೆ ಬಾಗಿದ್ದಾರೋ ಅದೇ ಆಕಾರಕ್ಕೆ ಒಂದು ಗೂಡು. ಆ ಗೂಡಿನ ಸಮೇತ ಸ್ಟ್ರೆಚರಿನಲ್ಲಿ ಮೂರು ಮಹಡಿ ಇಳಿಸಲು ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಪ್ರತಿ ತಿರುವಿನಲ್ಲೂ ಅಕ್ಕ ನಿಲ್ಲಿಸಿ ಬಲಗೈ ಮುಟ್ಟಿ ಕೇಳುತ್ತಾಳೆ. ಜುಮ್ಮು ಹೆಚ್ಚಾಗಿಲ್ಲ. ಮಗಳು ಹಿಂದೆಯೇ ಇಳಿದು ಬರುತ್ತಾಳೆ.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮೇಲಿನಿಂದ ಮೂರನೆಯ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ನೆಟ್ಟಗೆ ಮಾಡಿದ್ದರೆ ಕೈಗಳ ಕತೆ ಮುಗಿಯುತ್ತಿತ್ತು ಎಂದು ಡಾಕ್ಟರು ಮಗಳಿಗೆ ಹೇಳುತ್ತಾರೆ. ಟವೆಲ್ಲಿನ ಗೂಡನ್ನು ತೆಗೆಯದೆ ಅದರಲ್ಲೇ ವಾರ್ಡಿಗೆ ಕಳಿಸುತ್ತಾರೆ. ಮಗಳು ಗಾಡಿ ನಿಲ್ಲುವ ಜಾಗಕ್ಕೆ ಇಳಿದು ಬಂದು, ಟವೆಲ್ಲುಗಳನ್ನು ಯಾವಾಗ ವಾಪಸ್ ತೆಗೆದುಕೊಳ್ಳಬಹುದು ಎಂದು ಕೇಳುತ್ತಾಳೆ. ಡಾಕ್ಟರು ಹೇಳಿದಾಗ ಎಂದು ಅಕ್ಕ, ದೂರು ಕೊಡೋದಾದ್ರೆ ಕಚೇರಿ ಎರಡನೇ ಮಹಡಿ ಎಂದು ಚಾಲಕ ಗಂಭೀರ ಹೇಳುತ್ತಾರೆ. ಮಗಳು ಅಳುತ್ತಲೇ ನಗುತ್ತಾಳೆ.

ಒಂಬತ್ತನೆಯ ದಿನ ಪಾಳಿ ಮುಗಿದ ಮೇಲೆ ಅಕ್ಕ ವಾರ್ಡಿಗೆ ಹೋಗಿ ಬಾಗಿಲಲ್ಲೇ ನಿಂತು ನೋಡಿ ಬರುತ್ತಾಳೆ. ಮಾತಾಡಿಸಲಿಲ್ಲವೇ, ಅಜ್ಜ ಒಂದು ಧನ್ಯವಾದವನ್ನಾದರೂ ಹೇಳುತ್ತಿದ್ದರಲ್ಲ ಎಂದರೆ ಕೈ ಆಡಿಸಿಬಿಡುತ್ತಾಳೆ.

"ನರ್ಸು ಶರ್ಟು ಹಾಕೋಕೆ ಬಂದ್ರೆ ಅಜ್ಜ ಬೈದು ಕಳಿಸಿಬಿಟ್ರು. ಒಂದೊಂದೇ ಗುಂಡಿ ಹಾಕ್ಕೊಳ್ತಾ ಕೂತಿದ್ರು, ಬಲಗೈಲೇ. ಕೊನೇದು ಬೇರೆ ತೂತಿಗೆ ಹೋಗಿತ್ತು, ಶರ್ಟು ಒಂದು ಕಡೆ ಮೇಲೆ ನಿಂತಿತ್ತು. ಇರಲಿ ಬಿಡಿ. ಅವರೇ ಹಾಕ್ಕೊಂಡಿದ್ದು."